ನಾನೂರು ಪಂಪ್‌ಗಳಿಗೆ ಒಂದೇ ಪಾಸ್‌ವರ್ಡ್: ಭದ್ರತಾ ಚಿಪ್ ಎಲ್ಲಿ ನೆರವಾಗುತ್ತದೆ, ಎಲ್ಲಿ ಇಲ್ಲ

ಪ್ರಶ್ನೆ: ತುಮಕೂರು ಜಿಲ್ಲೆಯಲ್ಲಿ ನಾವು ಮೂವರು ಗೆಳೆಯರು ಸೇರಿ, ಕೊಳವೆಬಾವಿಯ ಪಂಪನ್ನು ಮೊಬೈಲ್‌ನಿಂದ ನಿಯಂತ್ರಿಸುವ ಸಾಧನ ತಯಾರಿಸುತ್ತೇವೆ. ಒಳಗೆ ಇಎಸ್‌ಪಿ32 ಚಿಪ್ ಮತ್ತು 4ಜಿ ಮೋಡೆಮ್ ಇವೆ. ಸುಮಾರು 400 ಸಾಧನಗಳು ಈಗ ಹೊಲಗಳಲ್ಲಿವೆ. ಎಲ್ಲವೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್‌ನಿಂದ ಸಾಧನಗಳ ಸಂದೇಶ ಸಾಗಿಸುವ ನಮ್ಮ ಎಂಕ್ಯೂಟಿಟಿ ಸರ್ವರ್‌ಗೆ ಸೇರುತ್ತವೆ. ಯಾವುದು ಯಾವ ಸಾಧನ ಎಂಬುದನ್ನು ಮ್ಯಾಕ್ ವಿಳಾಸದಿಂದ (ಚಿಪ್‌ಗೆ ಕಾರ್ಖಾನೆಯಲ್ಲೇ ಕೊಟ್ಟ ಸಂಖ್ಯೆ) ಗುರುತಿಸುತ್ತೇವೆ. ದೊಡ್ಡ ಖರೀದಿದಾರರೊಬ್ಬರು ಹಾರ್ಡ್‌ವೇರ್ ಆಧಾರಿತ ದೃಢೀಕರಣ ಇದೆಯೇ ಎಂದು ಕೇಳಿದ್ದಾರೆ. ಭದ್ರತಾ ಚಿಪ್ ಹಾಕಲೇಬೇಕೆ? ಪಾಸ್‌ವರ್ಡನ್ನು ಫರ್ಮ್‌ವೇರ್‌ನಲ್ಲಿ (ಸಾಧನದೊಳಗಿನ ಸಾಫ್ಟ್‌ವೇರ್) ಗೂಢಲಿಪಿಗೆ ತಿರುಗಿಸಿಟ್ಟರೆ ಸಾಲದೆ? ಈಗಾಗಲೇ ಮಾರಿರುವ ಸಾಧನಗಳಿಗೆ ಏನು ಮಾಡಬೇಕು?

ಉತ್ತರ: ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಸಾಲದು. ನಿಮ್ಮ ಸಾಧನವೊಂದನ್ನು ಕೊಂಡವರು ಅಥವಾ ಹೊಲದಿಂದ ಕಳಚಿ ತಂದವರು ಅದರ ಬೋರ್ಡಿಗೆ ಯುಎಸ್‌ಬಿ ಕೇಬಲ್ ಜೋಡಿಸಿ, ಇಎಸ್‌ಪಿಟೂಲ್ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಫ್ಲ್ಯಾಶ್ ಮೆಮೊರಿಯ ಪೂರ್ತಿ ನಕಲನ್ನು ಕೆಲವೇ ನಿಮಿಷಗಳಲ್ಲಿ ತೆಗೆದುಕೊಳ್ಳಬಹುದು. ಪಾಸ್‌ವರ್ಡ್ ಅದರಲ್ಲಿ ಓದಲು ಬರುವ ಅಕ್ಷರಗಳಲ್ಲೇ ಇರುತ್ತದೆ. ಗೂಢಲಿಪಿಗೆ ತಿರುಗಿಸಿಟ್ಟಿದ್ದರೂ ಬಿಡಿಸುವ ಕೀಲಿ ಅದೇ ಫ್ಲ್ಯಾಶ್‌ನಲ್ಲಿ ಎಲ್ಲೋ ಇರಲೇಬೇಕು. ಇಲ್ಲದಿದ್ದರೆ ಸಾಧನವೇ ತನ್ನ ಪಾಸ್‌ವರ್ಡನ್ನು ಓದಲಾರದು. ಹುಡುಕುವವರಿಗೆ ಸ್ವಲ್ಪ ಹೊತ್ತು ಹೆಚ್ಚಿಗೆ ಹಿಡಿಯುತ್ತದೆ, ಅಷ್ಟೇ.

ಕಳವಾಗುವುದು ಒಂದು ಸಾಧನದ ಗುಟ್ಟು, ತೆರೆದುಕೊಳ್ಳುವುದು ನಾನೂರೂ. ನಿಮ್ಮ ಸರ್ವರ್‌ನಲ್ಲಿ ಬೇರೆ ನಿರ್ಬಂಧ ಹಾಕಿರದಿದ್ದರೆ, ಆ ಪಾಸ್‌ವರ್ಡ್ ಹಿಡಿದವರು ‘ಎಲ್ಲವೂ’ ಎಂಬ ಅರ್ಥದ # ಎಂಬ ಒಂದೇ ಗುರುತಿಗೆ ಚಂದಾದಾರರಾಗಿ ಎಲ್ಲ ಪಂಪ್‌ಗಳ ಸಂದೇಶಗಳನ್ನೂ ನೋಡಬಹುದು, ಯಾವ ಪಂಪ್‌ಗೆ ಬೇಕಾದರೂ ಆದೇಶ ಕಳುಹಿಸಬಹುದು. ಮ್ಯಾಕ್ ವಿಳಾಸ ಇದನ್ನು ತಡೆಯುವುದಿಲ್ಲ. ಅದು ಸಾಧನ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಹೆಸರು, ಯಾರು ಬೇಕಾದರೂ ಹೇಳಿಕೊಳ್ಳಬಹುದು. ಇನ್ನೂ ಕೆಟ್ಟ ಸಂಗತಿಯೊಂದಿದೆ. ಎಂಕ್ಯೂಟಿಟಿ ನಿಯಮದ ಪ್ರಕಾರ ಒಂದೇ ಗುರುತಿನ ಇಬ್ಬರು ಬಂದರೆ ಸರ್ವರ್ ಹಳೆಯ ಸಂಪರ್ಕವನ್ನು ಕಡಿದು ಹೊಸದನ್ನು ಉಳಿಸಿಕೊಳ್ಳುತ್ತದೆ. ಮ್ಯಾಕ್ ವಿಳಾಸವನ್ನೇ ಆ ಗುರುತಾಗಿ ಬಳಸುತ್ತಿದ್ದರೆ, ಸುಳ್ಳು ಸಾಧನ ಒಳಗೆ ಬಂದಾಗ ನಿಜವಾದದ್ದು ಹೊರಗೆ ಬೀಳುತ್ತದೆ.

ಸಾಫ್ಟ್‌ವೇರ್ ಜಗತ್ತಿನಲ್ಲಿ ಇಂಥದ್ದನ್ನು ಮಾಹಿತಿ ಸೋರಿಕೆ ಎನ್ನುತ್ತಾರೆ. ನಿಮ್ಮ ಜಗತ್ತಿನಲ್ಲಿ ಅದು ಬೇರೆಯೇ. ನೀರಿಲ್ಲದ ಬಾವಿಯಲ್ಲಿ ರಾತ್ರಿಯಿಡೀ ಓಡಿದ ಮೋಟರ್ ಸುಟ್ಟುಹೋಗುತ್ತದೆ. ಕೇಬಲ್ ಜೋಡಣೆ ಸರಿಪಡಿಸಲು ಕೈ ಹಾಕಿದವರ ಕಣ್ಣೆದುರೇ ಮೋಟರ್‌ಗೆ ವಿದ್ಯುತ್ ಹರಿದರೆ ಜೀವ ಹೋಗಬಹುದು. ಈ ಉತ್ತರದಲ್ಲಿ ನಾನು ಎಲ್ಲಿಯಾದರೂ ಬಿಗಿಯಾಗಿ ಮಾತಾಡಿದಂತೆ ಕಂಡರೆ ಕಾರಣ ಇದೇ.

ಹಂಚಿಕೊಂಡ ಪಾಸ್‌ವರ್ಡ್ ಎಷ್ಟು ದೂರ ಹೋಗಬಲ್ಲದು ಎಂಬುದನ್ನು 2016ರಲ್ಲಿ ಮಿರಾಯ್ ಎಂಬ ದುಷ್ಟ ಸಾಫ್ಟ್‌ವೇರ್ ತೋರಿಸಿತು. ಕಾರ್ಖಾನೆಯಲ್ಲೇ ಹಾಕಿದ್ದ ಸುಮಾರು ಅರವತ್ತು ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ ಹಿಡಿದು ಅದು ಜಗತ್ತಿನ ಕ್ಯಾಮೆರಾ, ರೂಟರ್‌ಗಳಿಗೆ ಟೆಲ್ನೆಟ್ ಎಂಬ ಹಳೆಯ ದೂರಸಂಪರ್ಕ ದಾರಿಯ ಮೂಲಕ ನುಗ್ಗಿತು. ಆ ವರ್ಷದ ಅಕ್ಟೋಬರ್ 21ರಂದು ಹೀಗೆ ವಶವಾದ ಸಾಧನಗಳಿಂದ, ತಾಣಗಳ ಹೆಸರನ್ನು ಅಂತರ್ಜಾಲ ವಿಳಾಸಕ್ಕೆ ತಿರುಗಿಸುವ ಡೈನ್ ಎಂಬ ಸಂಸ್ಥೆಯ ಮೇಲೆ ದಾಳಿ ನಡೆದಾಗ ಅಮೆರಿಕದ ಅನೇಕರಿಗೆ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ತೆರೆಯಲಿಲ್ಲ. ಆ ಬಳಿಕ ಕಾನೂನುಗಳು ಬಂದವು: ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿಯಿಂದ, ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲ ಸಾಧನಗಳಿಗೂ ಒಂದೇ ಪಾಸ್‌ವರ್ಡ್ ಹಾಕಿ ಮಾರುವಂತಿಲ್ಲ.

ಹಾರ್ಡ್‌ವೇರ್ ಆಧಾರಿತ ದೃಢೀಕರಣ ಎಂದರೇನು ಎಂದು ತಿಳಿಯಲು ದೂರ ಹೋಗಬೇಕಿಲ್ಲ. ನಿಮ್ಮ ಮೋಡೆಮ್‌ನೊಳಗಿನ ಸಿಮ್ ಅದನ್ನೇ ಮಾಡುತ್ತಿದೆ. ಅದರಲ್ಲಿ 128 ಬಿಟ್‌ಗಳ ಗುಪ್ತ ಕೀಲಿಯೊಂದಿದೆ. ಮೊಬೈಲ್ ಜಾಲ ಪ್ರತಿ ಬಾರಿಯೂ ಹೊಸದೊಂದು ಸಂಖ್ಯೆ ಕಳುಹಿಸುತ್ತದೆ. ಸಿಮ್ ಆ ಸಂಖ್ಯೆಯನ್ನು ಕೀಲಿಯೊಡನೆ ಬೆರೆಸಿ ತನ್ನೊಳಗೇ ಲೆಕ್ಕ ಮಾಡಿ, ಉತ್ತರವನ್ನಷ್ಟೇ ಹೊರಗೆ ಕೊಡುತ್ತದೆ. ಕೀಲಿಯನ್ನು ಕೊಡು ಎಂದು ಕೇಳುವ ಆದೇಶವೇ ಅದರಲ್ಲಿಲ್ಲ. ನಿನ್ನೆಯ ಉತ್ತರವನ್ನು ಕದ್ದಾಲಿಸಿದವರಿಗೆ ಇಂದಿನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಗಣಿತ ದುರ್ಬಲವಾಗಿದ್ದರೆ ಇದೂ ಮುರಿಯುತ್ತದೆ: 1998ರಲ್ಲಿ ಸಂಶೋಧಕರು ಆಗಿನ ಕಾಂಪ್128 ಎಂಬ ಲೆಕ್ಕದ ದೋಷ ಹಿಡಿದು, ಸಿಮ್‌ಗೆ ಸುಮಾರು ಒಂದೂವರೆ ಲಕ್ಷ ಪ್ರಶ್ನೆ ಕೇಳಿ ಒಳಗಿನ ಕೀಲಿಯನ್ನು ಹೊರತೆಗೆದರು. ಲೆಕ್ಕವನ್ನು ಬದಲಿಸಲಾಯಿತು, ಕೀಲಿ ಹೊರಗೆ ಬರಬಾರದೆಂಬ ಕ್ರಮ ಹಾಗೆಯೇ ಉಳಿಯಿತು.

ಹಾಗಾದರೆ ನಿಮ್ಮ ಸಿಮ್ ಸಾಕಲ್ಲವೇ ಎಂದು ಕೇಳಬಹುದು. ಸಿಮ್ ತನ್ನ ಗುರುತನ್ನು ಮೊಬೈಲ್ ಕಂಪನಿಗೆ ಸಾಬೀತುಪಡಿಸುತ್ತದೆ, ನಿಮ್ಮ ಸರ್ವರ್‌ಗಲ್ಲ. ಅದನ್ನು ಕಿತ್ತು ಬೇರೊಂದು ಮೋಡೆಮ್‌ಗೆ ಹಾಕಿದರೆ ನಿಮಗೆ ಗೊತ್ತಾಗುವುದಿಲ್ಲ.

ನಿಮಗೆ ಬೇಕಾದದ್ದು ಇದೇ ಕ್ರಮದ ಇನ್ನೂ ಮುಂದುವರಿದ ರೂಪ. ಸಿಮ್‌ನ ಗುಪ್ತ ಕೀಲಿಯ ಪ್ರತಿ ಮೊಬೈಲ್ ಕಂಪನಿಯ ಬಳಿಯೂ ಇರುತ್ತದೆ. ನಿಮ್ಮಲ್ಲಿ ಹಾಗಾಗಬಾರದು, ಸರ್ವರ್‌ಗೆ ಯಾರಾದರೂ ನುಗ್ಗಿದರೂ ಸಾಧನಗಳ ಗುಟ್ಟು ಅಲ್ಲಿ ಸಿಗಬಾರದು. ಅದಕ್ಕೆ ಖಾಸಗಿ ಕೀಲಿ ಮತ್ತು ಸಾರ್ವಜನಿಕ ಕೀಲಿಯ ಜೋಡಿ ಬೇಕು. ಖಾಸಗಿ ಕೀಲಿ ಚಿಪ್‌ನೊಳಗೆ ಹುಟ್ಟಿ ಅಲ್ಲೇ ಉಳಿಯುತ್ತದೆ. ಸಾರ್ವಜನಿಕ ಕೀಲಿ ಪ್ರಮಾಣಪತ್ರದ ರೂಪದಲ್ಲಿ ಸರ್ವರ್‌ಗೆ ಗೊತ್ತಿರುತ್ತದೆ, ಖಾಸಗಿ ಕೀಲಿಯಿಂದ ಹಾಕಿದ ಸಹಿಯನ್ನು ಪರೀಕ್ಷಿಸಲು ಅದು ಸಾಕು. ಟಿಎಲ್‌ಎಸ್ ಎಂಬ ಗೂಢಲಿಪಿಯ ಸುರಕ್ಷಿತ ಸಂಪರ್ಕ ಶುರುವಾಗುವಾಗ ಸರ್ವರ್ ತನ್ನನ್ನು ಸಾಬೀತುಪಡಿಸುವುದಲ್ಲದೆ, ಸಾಧನವೂ ಆ ಹೊತ್ತಿನ ಮಾಹಿತಿಯ ಮೇಲೆ ಚಿಪ್‌ನಿಂದ ಸಹಿ ಹಾಕಿಸಿ ತನ್ನನ್ನು ಸಾಬೀತುಪಡಿಸುತ್ತದೆ.

ಈ ಕೆಲಸಕ್ಕೆಂದೇ ಸಿಗುವ ಚಿಪ್‌ಗಳಲ್ಲಿ ಮೈಕ್ರೋಚಿಪ್ ಕಂಪನಿಯ ಎಟಿಇಸಿಸಿ608, ಇನ್ಫಿನಿಯಾನ್‌ನ ಆಪ್ಟಿಗಾ ಟ್ರಸ್ಟ್ ಎಂ, ಎನ್‌ಎಕ್ಸ್‌ಪಿಯ ಎಸ್‌ಇ050 ಹೆಸರಾದವು. ಎಲ್ಲವೂ ಚಿಪ್‌ಗಳನ್ನು ಜೋಡಿಸುವ ಐ2ಸಿ ತಂತಿಗಳ ಮೇಲೆ ಕೂರುತ್ತವೆ, ಬೆರಳ ಉಗುರಿಗಿಂತ ಚಿಕ್ಕವು. ಮೊದಲನೆಯದು ಸಾಮಾನ್ಯವಾಗಿ ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಇನ್ನೊಂದು ದಾರಿ, ಮುಖ್ಯ ಚಿಪ್ಪನ್ನೇ ಬದಲಿಸುವುದು. ಇಎಸ್‌ಪಿ32-ಎಸ್3 ಮತ್ತು ಸಿ3ಗಳಲ್ಲಿ ಡಿಜಿಟಲ್ ಸಹಿಗೆಂದೇ ಪ್ರತ್ಯೇಕ ಭಾಗವಿದೆ. ಅಲ್ಲಿ ಇ-ಫ್ಯೂಸ್‌ನಲ್ಲಿ (ಒಮ್ಮೆ ಬರೆದರೆ ಅಳಿಸಲಾಗದ ಜಾಗ) ಸುಟ್ಟ ಕೀಲಿಯೊಂದನ್ನು ಹಾರ್ಡ್‌ವೇರ್ ಮಾತ್ರ ಬಳಸಬಲ್ಲದು, ಸಾಫ್ಟ್‌ವೇರ್ ಓದಲಾರದು. ಸಹಿ ಹಾಕುವ ಖಾಸಗಿ ಕೀಲಿ ಆ ಕೀಲಿಯಿಂದ ಮುಚ್ಚಿದ ರೂಪದಲ್ಲೇ ಫ್ಲ್ಯಾಶ್‌ನಲ್ಲಿರುತ್ತದೆ. ನೀವು ಬಳಸುವ ಮೂಲ ಇಎಸ್‌ಪಿ32ರಲ್ಲಿ ಈ ಭಾಗ ಇಲ್ಲ. ಈ ದಾರಿಯಲ್ಲಿ ಚಿಪ್‌ನ ಹಣ ಉಳಿಯುತ್ತದೆ. ಆದರೆ ಖಾಸಗಿ ಕೀಲಿ ಸಾಮಾನ್ಯವಾಗಿ ನಿಮ್ಮ ಕಂಪ್ಯೂಟರ್‌ನಲ್ಲಿ ಹುಟ್ಟಿ ಆಮೇಲೆ ಸಾಧನಕ್ಕೆ ಹೋಗುತ್ತದೆ, ಆ ಕಂಪ್ಯೂಟರನ್ನು ಕಾಯುವ ಹೊಣೆ ನಿಮ್ಮದಾಗುತ್ತದೆ. ಖರೀದಿದಾರರ ಕಡೆಯವರು ಟಿಪಿಎಂ ಬೇಕೆಂದರೆ ಗಾಬರಿಯಾಗಬೇಡಿ. ಅದೂ ಒಂದು ಭದ್ರತಾ ಚಿಪ್ಪೇ, ಲಿನಕ್ಸ್ ಅಥವಾ ವಿಂಡೋಸ್ ಓಡುವ ಯಂತ್ರಗಳಿಗೆ ಒಪ್ಪುವಂಥದ್ದು, ಪಂಪ್ ಪೆಟ್ಟಿಗೆಗೆ ಬೇಕಿಲ್ಲ.

ವರ್ಷಕ್ಕೆ ಕೆಲವು ನೂರು ಸಾಧನ ಮಾಡುವ ನಿಮಗೆ ನನ್ನ ಸಲಹೆ, ಕೀಲಿ ಮತ್ತು ಪ್ರಮಾಣಪತ್ರವನ್ನು ತಯಾರಕರೇ ತುಂಬಿ, ಬೀಗ ಹಾಕಿ ಕೊಡುವ ಎಟಿಇಸಿಸಿ608ರ ಟ್ರಸ್ಟ್ ಆ್ಯಂಡ್ ಗೋ ಬಗೆಯನ್ನು ಕೊಳ್ಳಿ. ಹತ್ತರಂಥ ಸಣ್ಣ ಸಂಖ್ಯೆಯಲ್ಲೂ ಅದನ್ನು ಮಾರುತ್ತಾರೆ. ಚಿಪ್‌ಗಳ ಜೊತೆಗೆ ಅವುಗಳ ಸಾರ್ವಜನಿಕ ಕೀಲಿಗಳ ಪಟ್ಟಿಯ ಕಡತ ಸಿಗುತ್ತದೆ. ಅದನ್ನು ಸರ್ವರ್‌ಗೆ ಏರಿಸಿದರೆ ಆಯಿತು. ಖಾಲಿ ಚಿಪ್ ತಂದು ನೀವೇ ಹೊಂದಿಸಲು ಹೊರಟರೆ ಒಂದು ಎಚ್ಚರ ಇರಲಿ. ಅದರ ಸಂರಚನೆಗೆ ಒಮ್ಮೆ ಬೀಗ ಹಾಕಿದರೆ ತೆಗೆಯುವ ದಾರಿ ಇಲ್ಲ; ತಪ್ಪು ಹೊಂದಿಸಿ ಬೀಗ ಹಾಕಿದ ಚಿಪ್ ಕಸದ ಬುಟ್ಟಿಗೇ.

ನಿಮ್ಮ ವಿನ್ಯಾಸದಲ್ಲಿ ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಬೇರೆ ಎರಡು ಸಂಗತಿಗಳು, ಎರಡೂ ಆ 4ಜಿ ಮೋಡೆಮ್‌ಗೆ ಸಂಬಂಧಿಸಿದವು.

ಒಂದು, ಟಿಎಲ್‌ಎಸ್ ಎಲ್ಲಿ ನಡೆಯುತ್ತಿದೆ? ಅನೇಕರು ಎಟಿ ಎಂಬ ಮೋಡೆಮ್ ಆದೇಶಗಳ ಮೂಲಕ ಮೋಡೆಮ್‌ನೊಳಗಿನ ಟಿಎಲ್‌ಎಸ್ಸನ್ನೇ ಬಳಸುತ್ತಾರೆ. ಹಾಗಿದ್ದರೆ ಸಹಿ ಹಾಕಬೇಕಾದ ಖಾಸಗಿ ಕೀಲಿಯನ್ನು ಮೋಡೆಮ್‌ನ ಕಡತಗಳಲ್ಲಿ ಇಡಬೇಕಾಗುತ್ತದೆ, ಭದ್ರತಾ ಚಿಪ್ ಬೋರ್ಡಿನ ಮೇಲೆ ಸುಮ್ಮನೆ ಕುಳಿತಿರುತ್ತದೆ. ಮೋಡೆಮನ್ನು ಪಿಪಿಪಿ ಕ್ರಮದಲ್ಲಿ ಬರೀ ದಾರಿಯಾಗಿ ಬಳಸಿ, ಟಿಎಲ್‌ಎಸ್ಸನ್ನು ಇಎಸ್‌ಪಿ32ರಲ್ಲೇ ನಡೆಸಿ. ಇಎಸ್‌ಪಿ32 ತಯಾರಿಸುವ ಎಸ್‌ಪ್ರೆಸಿಫ್ ಕಂಪನಿಯ ಇಎಸ್‌ಪಿ-ಟಿಎಲ್‌ಎಸ್ ಲೈಬ್ರರಿಯಲ್ಲಿ ಎಟಿಇಸಿಸಿ608ರಿಂದ ಸಹಿ ಹಾಕಿಸುವ ಸೌಲಭ್ಯವಿದೆ.

ಎರಡು, ಯಾದೃಚ್ಛಿಕ ಸಂಖ್ಯೆಗಳು, ಅಂದರೆ ಯಾರೂ ಊಹಿಸಲಾಗದ ಸಂಖ್ಯೆಗಳು. ಕೀಲಿ ಹುಟ್ಟುವುದು ಇವುಗಳಿಂದಲೇ. ಇಎಸ್‌ಪಿ32ರ ಹಾರ್ಡ್‌ವೇರ್ ಸಂಖ್ಯಾಜನಕ ನಿಜವಾದ ಯಾದೃಚ್ಛಿಕತೆಯನ್ನು ವೈಫೈ ಅಥವಾ ಬ್ಲೂಟೂತ್‌ನ ರೇಡಿಯೋ ಗದ್ದಲದಿಂದ ಪಡೆಯುತ್ತದೆ. ರೇಡಿಯೋ ಮಲಗಿದ್ದಾಗ, ಬೇರೆ ಮೂಲವನ್ನು ನೀವಾಗಿ ಚಾಲೂ ಮಾಡದಿದ್ದರೆ, ಬರುವ ಸಂಖ್ಯೆಗಳನ್ನು ನಂಬುವಂತಿಲ್ಲ ಎಂದು ತಯಾರಕರ ದಾಖಲೆಗಳೇ ಹೇಳುತ್ತವೆ. ನಿಮ್ಮ ಸಾಧನ 4ಜಿ ಮೇಲೆ ಓಡುವುದರಿಂದ ವೈಫೈ ಬಹುಶಃ ಸದಾ ಆಫ್ ಇರುತ್ತದೆ. ಆ ಸ್ಥಿತಿಯಲ್ಲಿ ಹುಟ್ಟಿಸಿದ ಕೀಲಿಯನ್ನು ಊಹಿಸುವ ಸಾಧ್ಯತೆ ಇದೆ. ಇದು ಪುಸ್ತಕದ ಭಯವಲ್ಲ. 2012ರಲ್ಲಿ ನಾಡಿಯಾ ಹೆನಿಂಗರ್ ಮತ್ತು ಸಂಗಡಿಗರು ಇಡೀ ಅಂತರ್ಜಾಲವನ್ನು ಜಾಲಾಡಿ, ಟಿಎಲ್‌ಎಸ್ ಬಳಸುವ ಯಂತ್ರಗಳಲ್ಲಿ ಶೇಕಡಾ 0.5ರಷ್ಟರ ಆರ್‌ಎಸ್‌ಎ ಎಂಬ ಬಗೆಯ ಖಾಸಗಿ ಕೀಲಿಗಳನ್ನು ಬರೀ ಲೆಕ್ಕದಿಂದ ಕಂಡುಹಿಡಿದರು. ಅವುಗಳಲ್ಲಿ ಹೆಚ್ಚಿನವು ರೂಟರ್, ಫೈರ್‌ವಾಲ್‌ನಂಥ ಸಣ್ಣ ಸಾಧನಗಳು. ಮೊದಲ ಬಾರಿ ಚಾಲೂ ಆದ ಗಳಿಗೆಯಲ್ಲಿ ಸಾಕಷ್ಟು ಯಾದೃಚ್ಛಿಕತೆ ಇಲ್ಲದೆಯೇ ಕೀಲಿ ಹುಟ್ಟಿಸಿಕೊಂಡಿದ್ದವು. ಭದ್ರತಾ ಚಿಪ್‌ನಲ್ಲಿ ತನ್ನದೇ ಸಂಖ್ಯಾಜನಕ ಇರುತ್ತದೆ. ನನ್ನ ಮಟ್ಟಿಗೆ ಚಿಪ್ ಹಾಕಲು ಇದೊಂದೇ ಕಾರಣ ಸಾಕು.

ಇನ್ನು ಚಿಪ್ ಮಾಡದ ಕೆಲಸ. ಅದು ಯಾರು ಕೇಳಿದರು ಎಂದು ನೋಡದೆ ಸಹಿ ಹಾಕುತ್ತದೆ. ನಿಮ್ಮ ಬೋರ್ಡಿಗೆ ಯಾರಾದರೂ ತಮ್ಮ ಫರ್ಮ್‌ವೇರ್ ತುಂಬಿದರೆ, ಆ ಫರ್ಮ್‌ವೇರ್ ಕೇಳಿದ್ದಕ್ಕೂ ಚಿಪ್ ನಿಷ್ಠೆಯಿಂದ ಸಹಿ ಮಾಡುತ್ತದೆ. ಆದ್ದರಿಂದ ನೀವು ಸಹಿ ಮಾಡಿದ ಫರ್ಮ್‌ವೇರ್ ಮಾತ್ರ ಓಡುವಂತೆ ಸೆಕ್ಯೂರ್ ಬೂಟ್ ಬೇಕು, ಜೊತೆಗೆ ಫ್ಲ್ಯಾಶ್ ಗೂಢಲಿಪೀಕರಣ ಬೇಕು, ಚಿಪ್‌ನ ಒಳಗನ್ನು ಪರೀಕ್ಷಿಸುವ ಜೆಟ್ಯಾಗ್ ದಾರಿ ಮುಚ್ಚಿರಬೇಕು, ಸರಣಿ ಪೋರ್ಟ್ ಮೂಲಕ ಡೌನ್‌ಲೋಡ್ ಮಾಡುವ ದಾರಿಯನ್ನು ನಿರ್ಬಂಧಿಸಿರಬೇಕು. 2019ರಲ್ಲಿ ವಿದ್ಯುತ್ ಪೂರೈಕೆಯನ್ನು ಕ್ಷಣಕಾಲ ಕುಲುಕಿ ಹಳೆಯ ಇಎಸ್‌ಪಿ32ರ ಇ-ಫ್ಯೂಸ್ ಕೀಲಿಗಳನ್ನೇ ಓದಿದ ಸಂಶೋಧನೆ ಹೊರಬಂತು. ಆದ್ದರಿಂದ ಹಳೆಯ ದಾಸ್ತಾನು ಕೊಳ್ಳದೆ, ಸೆಕ್ಯೂರ್ ಬೂಟ್‌ನ ಎರಡನೆಯ ಆವೃತ್ತಿ ಇರುವ, 3.0 ಅಥವಾ ಅದಕ್ಕಿಂತ ಹೊಸ ಪರಿಷ್ಕರಣೆಯ ಚಿಪ್ಪನ್ನೇ ಕೇಳಿ ಪಡೆಯಿರಿ.

ಭದ್ರತಾ ಚಿಪ್ಪನ್ನೂ ಮುರಿದಿದ್ದಾರೆ. ಫ್ರಾನ್ಸಿನ ಲೆಡ್ಜರ್ ಕಂಪನಿಯ ಸಂಶೋಧಕರು ಎಟಿಇಸಿಸಿ508ಎ ಮತ್ತು ಅದರ ನಂತರದ 608ಎ ಚಿಪ್‌ಗಳ ಹೊದಿಕೆ ತೆಗೆದು, ಲೇಸರ್ ಹಾಯಿಸಿ ಒಳಗಿನ ಗುಟ್ಟು ಓದಿದರು. 2017ರಲ್ಲಿ ಇನ್ಫಿನಿಯಾನ್ ಚಿಪ್‌ಗಳ ಆರ್‌ಎಸ್‌ಎ ಕೀಲಿ ಹುಟ್ಟಿಸುವ ಕ್ರಮದಲ್ಲಿ ದೋಷ ಕಂಡುಬಂದಾಗ ಎಸ್ಟೋನಿಯಾ ದೇಶ ಸುಮಾರು 7.5 ಲಕ್ಷ ಗುರುತಿನ ಚೀಟಿಗಳ ಪ್ರಮಾಣಪತ್ರಗಳನ್ನು ತಡೆಹಿಡಿಯಬೇಕಾಯಿತು. ಈ ಎರಡು ಘಟನೆಗಳ ಪಾಠ ಬೇರೆ ಬೇರೆ. ಲೇಸರ್ ದಾಳಿಗೆ ದುಬಾರಿ ಉಪಕರಣ ಬೇಕು, ಚಿಪ್ ಕೈಯಲ್ಲಿರಬೇಕು, ಅಷ್ಟೆಲ್ಲ ಮಾಡಿದರೂ ಸಿಗುವುದು ಒಂದು ಪಂಪ್‌ನ ಕೀಲಿ. ನಿಮ್ಮ ಮಟ್ಟದಲ್ಲಿ ಇದಕ್ಕೆ ನಿದ್ದೆಗೆಡಬೇಕಿಲ್ಲ. ಎಸ್ಟೋನಿಯಾದ್ದು ಎಲ್ಲ ಸಾಧನಗಳನ್ನೂ ಒಟ್ಟಿಗೆ ತಟ್ಟುವ ದೋಷ. ಅಂಥ ದಿನ ಬಂದರೆ ಎಲ್ಲ ಪ್ರಮಾಣಪತ್ರಗಳನ್ನೂ ಬದಲಿಸುವ ದಾರಿ ಮೊದಲೇ ಇರಬೇಕು. ಐಇಇಇ 802.1ಎಆರ್ ಮಾನದಂಡ ಇದಕ್ಕೆ ನೆರವಾಗುವಂತೆ ಸಾಧನಕ್ಕೆ ಎರಡು ಗುರುತು ಹೇಳುತ್ತದೆ: ತಯಾರಿಕೆಯಲ್ಲಿ ಕೊಟ್ಟ, ಬದಲಾಗದ ಗುರುತು ಒಂದು, ಬಳಕೆಯ ಜಾಗದಲ್ಲಿ ಕೊಡುವ, ಬೇಕಾದಾಗ ಬದಲಿಸಬಹುದಾದ ಗುರುತು ಇನ್ನೊಂದು. ದಿನನಿತ್ಯದ ಸಂಪರ್ಕಕ್ಕೆ ಎರಡನೆಯದನ್ನೇ ಬಳಸಿ.

ಕಾರ್ಖಾನೆಯ ಮಾತನ್ನು ಜನ ಕೊನೆಗೆ ಯೋಚಿಸುತ್ತಾರೆ. ಭದ್ರತೆ ಹೆಚ್ಚಾಗಿ ಸೋರುವುದು ಅಲ್ಲಿಯೇ. ಬೋರ್ಡ್ ಜೋಡಿಸುವ ಘಟಕಕ್ಕೆ ನೀವು ನೂರು ಚಿಪ್ ಕೊಟ್ಟರೆ ನೂರರ ಲೆಕ್ಕವೂ ವಾಪಸು ಬರಬೇಕು, ಕೆಟ್ಟವು ಸೇರಿದಂತೆ. ಪರೀಕ್ಷೆಯ ಹಂತದಲ್ಲಿ ಪ್ರತಿ ಬೋರ್ಡಿನ ಭದ್ರತಾ ಚಿಪ್‌ನ ಕ್ರಮಸಂಖ್ಯೆ, ಮೋಡೆಮ್‌ನ ಐಎಂಇಐ, ಪೆಟ್ಟಿಗೆಯ ಮೇಲಿನ ಸಂಖ್ಯೆ ಮೂರನ್ನೂ ಒಂದೇ ಸಾಲಿನಲ್ಲಿ ದಾಖಲಿಸಿ. ಆ ಪಟ್ಟಿಯಲ್ಲಿಲ್ಲದ ಚಿಪ್‌ಗೆ, ಅದರ ಪ್ರಮಾಣಪತ್ರ ಎಷ್ಟೇ ಸಾಚಾ ಆಗಿದ್ದರೂ, ಸರ್ವರ್ ಬಾಗಿಲು ತೆರೆಯಬಾರದು. ಫರ್ಮ್‌ವೇರ್‌ಗೆ ಸಹಿ ಹಾಕುವ ಕೀಲಿಯನ್ನು ಗೆಳೆಯರ ಲ್ಯಾಪ್‌ಟಾಪ್‌ಗಳಲ್ಲಿ ಇಡಬೇಡಿ. ಜಾಲಕ್ಕೆ ಸೇರದ ಯಂತ್ರದಲ್ಲೋ ಯುಎಸ್‌ಬಿ ಭದ್ರತಾ ಟೋಕನ್‌ನಲ್ಲೋ ಇಟ್ಟು, ಇನ್ನೊಂದು ಪ್ರತಿಯನ್ನು ಬೇರೆ ಜಾಗದಲ್ಲಿ ಕಾಪಾಡಿ. ಮೂಲ ಇಎಸ್‌ಪಿ32ರಲ್ಲಿ ಇಂಥ ಒಂದೇ ಕೀಲಿಗೆ ಜಾಗವಿದೆ. ಅದು ಕಳೆದುಹೋದರೆ ಆ ಕೀಲಿಯನ್ನು ನಂಬಿರುವ ಸಾಧನಗಳಿಗೆ ಇನ್ನೆಂದೂ ಹೊಸ ಫರ್ಮ್‌ವೇರ್ ಕಳುಹಿಸಲಾಗದು. ಎಸ್3, ಸಿ3ಗಳಲ್ಲಿ ಮೂರರವರೆಗೆ ಜಾಗವಿದೆ.

ಸರ್ವರ್ ಕಡೆ ಕೆಲಸ ಕಡಿಮೆ, ಮರೆಯುವಂತಿಲ್ಲ. ಮಾಸ್ಕಿಟೊ ಎಂಬ ಎಂಕ್ಯೂಟಿಟಿ ಸರ್ವರ್ ಸಾಫ್ಟ್‌ವೇರ್ ಬಳಸುತ್ತಿದ್ದರೆ, ಪ್ರಮಾಣಪತ್ರ ಕಡ್ಡಾಯ ಮಾಡುವ ಮತ್ತು ಅದರಲ್ಲಿರುವ ಹೆಸರನ್ನೇ ಬಳಕೆದಾರನ ಹೆಸರಾಗಿ ತೆಗೆದುಕೊಳ್ಳುವ ಆಯ್ಕೆಗಳಿವೆ. ಆ ಹೆಸರಿನ ವಿಷಯಗಳನ್ನು (ಎಂಕ್ಯೂಟಿಟಿ ಸಂದೇಶಗಳ ಶೀರ್ಷಿಕೆಗಳು) ಮಾತ್ರ ಓದಿ ಬರೆಯುವಂತೆ ನಿರ್ಬಂಧಿಸಿ. ಸಾಧನವೂ ಸರ್ವರನ್ನು ಪರೀಕ್ಷಿಸಬೇಕು. ಆರ್ಡುಯಿನೊ ಲೈಬ್ರರಿಯಲ್ಲಿ ಸೆಟ್‌ಇನ್‌ಸೆಕ್ಯೂರ್ ಎಂಬ ಕರೆಯೊಂದಿದೆ, ಸರ್ವರ್‌ನ ಪ್ರಮಾಣಪತ್ರ ನೋಡದೆಯೇ ಒಪ್ಪಿಕೊಳ್ಳಲು. ಪರೀಕ್ಷೆಯ ದಿನಗಳಲ್ಲಿ ಹಾಕಿದ್ದು ಹಾಗೇ ಮಾರುಕಟ್ಟೆಗೆ ಹೋಗುತ್ತದೆ. ಇಂದೇ ನಿಮ್ಮ ಕೋಡ್‌ನಲ್ಲಿ ಅದನ್ನು ಹುಡುಕಿ.

ನಿಮ್ಮ ಖರೀದಿದಾರರು ಕೇಳಿದ್ದು ಅತಿಯಾಯಿತು ಎಂದು ಭಾವಿಸಬೇಡಿ. ಪಡಿತರ ಅಂಗಡಿಯಲ್ಲಿ ಕಾಣುವ ಆಧಾರ್ ಬೆರಳಚ್ಚು ಸಾಧನಗಳೂ ಇದೇ ಹಾದಿಯಲ್ಲಿ ಬಂದಿವೆ. ಎಲ್0 ಎಂಬ ಹಳೆಯ ಬಗೆಯಲ್ಲಿ ಸಹಿಯ ಕೀಲಿ ಫೋನು ಅಥವಾ ಕಂಪ್ಯೂಟರ್‌ನ ಸಾಫ್ಟ್‌ವೇರ್ ಹಿಡಿತದಲ್ಲಿತ್ತು. ಎಲ್1ರಲ್ಲಿ ಸಹಿ ಮತ್ತು ಗೂಢಲಿಪೀಕರಣ ಎರಡೂ ಸುರಕ್ಷಿತ ವಲಯದೊಳಗೇ ಆಗುತ್ತವೆ. ಸಿಸಿಟಿವಿ ಕ್ಯಾಮೆರಾಗಳಿಗೆ 2024ರಲ್ಲಿ ಪ್ರಕಟವಾಗಿ 2025ರ ಏಪ್ರಿಲ್‌ನಿಂದ ಜಾರಿಯಾದ ಕೇಂದ್ರದ ನಿಯಮಗಳು, ಕೀಲಿ ಮತ್ತು ಪ್ರಮಾಣಪತ್ರ ಪ್ರತಿ ಸಾಧನಕ್ಕೂ ಬೇರೆಯೇ ಇರಬೇಕೆಂದು ಹೇಳುತ್ತವೆ. ನಿಮ್ಮದು ಕ್ಯಾಮೆರಾ ಅಲ್ಲ, ಆ ನಿಯಮ ನಿಮಗೆ ಅನ್ವಯಿಸುವುದಿಲ್ಲ. ಆದರೆ ದೊಡ್ಡ ಖರೀದಿದಾರರು ಅದೇ ಅಳತೆ ಹಿಡಿದು ಬರುತ್ತಾರೆ.

ಕೊನೆಯದಾಗಿ ಹೊಲದಲ್ಲಿರುವ ನಾನೂರು. ಅವುಗಳಿಗೆ ಚಿಪ್ ಬೆಸೆಯಲಾಗದು. ದೂರದಿಂದಲೇ ಸೆಕ್ಯೂರ್ ಬೂಟ್ ಚಾಲೂ ಮಾಡಲು ಹೋಗಬೇಡಿ. ಸಾಧನ ಚಾಲೂ ಆಗುವಾಗ ಮೊದಲು ಓಡುವ ಬೂಟ್‌ಲೋಡರ್ ಬದಲಿಸುವ ನಡುವೆ ವಿದ್ಯುತ್ ಹೋದರೆ ಸಾಧನ ಸತ್ತಂತೆ, ನಮ್ಮ ಹಳ್ಳಿಗಳಲ್ಲಿ ವಿದ್ಯುತ್ ಹೋಗದ ಗಂಟೆ ಯಾವುದು? ದೂರದಿಂದ ಫರ್ಮ್‌ವೇರ್ ನವೀಕರಿಸುವ ವ್ಯವಸ್ಥೆ ನಿಮ್ಮಲ್ಲಿದ್ದರೆ, ಹೊಸ ಫರ್ಮ್‌ವೇರ್ ಪ್ರತಿ ಸಾಧನದಲ್ಲೂ ಬೇರೆ ಕೀಲಿ ಹುಟ್ಟಿಸಲಿ, ಕೀಲಿ ಹುಟ್ಟುವ ಮೊದಲು ವೈಫೈ ರೇಡಿಯೋ ಚಾಲೂ ಆಗಲಿ. ಸರ್ವರ್‌ನಲ್ಲಿ ಹಳೆಯ ಪಾಸ್‌ವರ್ಡ್‌ನ ಅಧಿಕಾರವನ್ನು ನೋಂದಣಿಯೊಂದಕ್ಕೇ ಇಳಿಸಿ. ಹಳೆಯ ಪಾಸ್‌ವರ್ಡ್ ಸೋರಿರಬಹುದಾದ್ದರಿಂದ ನೋಂದಣಿಯನ್ನು ಹಾಗೇ ಒಪ್ಪಬೇಡಿ. ರೈತರಿಗೆ ಕರೆ ಮಾಡಿ, ಪಂಪ್ ಪಕ್ಕದಲ್ಲಿ ನಿಂತಿರುವಾಗ ಪೆಟ್ಟಿಗೆಯ ಗುಂಡಿ ಒತ್ತಿಸಿ, ಅದೇ ನಿಮಿಷದಲ್ಲಿ ಬಂದ ನೋಂದಣಿಯನ್ನು ಮಾತ್ರ ಒಪ್ಪಿ. ನಾನೂರು ಕರೆ ಮೂವರಿಗೆ ಆಗದ ಕೆಲಸವಲ್ಲ. ಫ್ಲ್ಯಾಶ್‌ನಲ್ಲಿರುವ ಆ ಕೀಲಿಯನ್ನೂ ಕದಿಯಬಹುದು, ನಿಜ. ಕದ್ದರೆ ಆ ಒಂದು ಪಂಪ್ ಮಾತ್ರ.

ಅದೇ ಕರೆಯಲ್ಲಿ ಇನ್ನೊಂದು ಮಾತು ಕೇಳಿ: ಸ್ಟಾರ್ಟರ್ ಪಕ್ಕದಲ್ಲಿ ಮುಖ್ಯ ತಂತಿಯನ್ನೇ ಕಡಿಯುವ ಕೈ ಸ್ವಿಚ್ ಇದೆಯೇ, ಬಾವಿ ಕೆಲಸಕ್ಕೆ ಮುನ್ನ ಅದನ್ನು ಆಫ್ ಮಾಡುತ್ತಾರೆಯೇ ಎಂದು. ಇಲ್ಲದಿದ್ದರೆ ನಿಮ್ಮ ಖರ್ಚಿನಲ್ಲೇ ಹಾಕಿಸಿ. ಸರ್ವರ್ ಏನೇ ಹೇಳಿದರೂ ಅದು ಆಫ್ ಇದ್ದಾಗ ಮೋಟರ್ ತಿರುಗಬಾರದು, ಈ ತೀರ್ಮಾನ ಫರ್ಮ್‌ವೇರ್‌ನಲ್ಲಲ್ಲ, ತಂತಿಯಲ್ಲೇ ಇರಬೇಕು.

ಖರೀದಿದಾರರಿಗೆ ಬರೆಯುವಾಗ ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ: ಯಾವ ಕ್ರಮಸಂಖ್ಯೆಯಿಂದ ಮುಂದಿನ ಸಾಧನಗಳಲ್ಲಿ ಹಾರ್ಡ್‌ವೇರ್ ಕೀಲಿ ಇರುತ್ತದೆ, ಅದಕ್ಕಿಂತ ಹಿಂದಿನವುಗಳಲ್ಲಿ ಸಾಫ್ಟ್‌ವೇರ್ ಕೀಲಿ ಮಾತ್ರ ಇದೆ ಮತ್ತು ಹಳೆಯ ಪಾಸ್‌ವರ್ಡ್ ಯಾವ ದಿನಾಂಕದಿಂದ ಸಂಪೂರ್ಣ ಮುಚ್ಚುತ್ತದೆ.